ಅರ್ಧ ಕಿಲೋ ಮೈಕ್ರಾನ್

ಪೀಣ್ಯದ ನಮ್ಮ ಕಾರ್ಖಾನೆಗೆ ಹೊಸದಾಗಿ ಸೇರಿದ ಐಟಿಐ ಹುಡುಗರನ್ನು ಮೊದಲ ವಾರದಲ್ಲಿಯೇ ಒಮ್ಮೆ ಸ್ಟೋರ್ಸಿಗೆ ಓಡಿಸುವ ಪದ್ಧತಿ ಇತ್ತು. ಹಿರಿಯ ಆಪರೇಟರೊಬ್ಬರು ಮುಖದ ಮೇಲೆ ನಗುವಿನ ಎಳೆಯೂ ಕಾಣದಂತೆ, "ಹೋಗಿ ಅರ್ಧ ಕಿಲೋ ಮೈಕ್ರಾನ್ ಈಸ್ಕೊಂಡ್ ಬಾ, ಬೇಗ" ಎನ್ನುತ್ತಿದ್ದರು. ಸ್ಟೋರ್ಸಿನವರು ಅಷ್ಟೇ ಗಂಭೀರವಾಗಿ ರಿಜಿಸ್ಟರಿನ ಹಾಳೆ ತಿರುವಿ, "ನಿನ್ನೇನೇ ಖಾಲಿ ಆಯ್ತಲ್ಲಪ್ಪಾ, ಟೂಲ್ ರೂಮಲ್ಲಿ ಕೇಳ್ನೋಡು" ಎಂದು ಸಾಗಹಾಕುತ್ತಿದ್ದರು. ಮೈಕ್ರಾನ್ ಎಂಬುದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ತೂಗಿ ಕೊಡುವ ಸಾಮಾನಲ್ಲ ಎಂದು ಹುಡುಗನಿಗೆ ಹೊಳೆಯುವ ವೇಳೆಗೆ ಅವನು ಮೂರು ವಿಭಾಗಗಳನ್ನು ಸುತ್ತಿ ಬಂದಿರುತ್ತಿದ್ದ. ಗುಣಮಟ್ಟ ವಿಭಾಗದಲ್ಲಿ ಎಂಜಿನಿಯರಾಗಿದ್ದ ನನಗೆ ಇದು ಬರಿಯ ಕಾಲಹರಣವಾಗಿ ತೋರುತ್ತಿತ್ತು. ಕೆಲಸದ ಜಾಗದಲ್ಲಿ ಕೆಲಸ ನಡೆಯಲಿ, ನಗುವುದಕ್ಕೆ ಕ್ಯಾಂಟೀನು ಇದೆ ಎಂಬ ಅಭಿಪ್ರಾಯದವಳಾಗಿದ್ದೆ ನಾನು. 2018ರಲ್ಲಿ ಆಡಳಿತ ನನಗೆ ವಹಿಸಿದ ಒಂದು ಕೆಲಸ ಆ ಅಭಿಪ್ರಾಯವನ್ನು ಉಳಿಯಗೊಡಲಿಲ್ಲ.

ನಮ್ಮದು ಯಂತ್ರಗಳಿಗೆ ಬೇಕಾದ ಉಕ್ಕಿನ ಶಾಫ್ಟುಗಳನ್ನು, ಅಂದರೆ ತಿರುಗುವ ದುಂಡು ದಂಡಗಳನ್ನು, ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆ. ಶಾಫ್ಟನ್ನು ಮೊದಲು ಸಿಎನ್‌ಸಿ ಎಂಬ ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ ತಿರುಗಿಸಿ ಕತ್ತರಿಸಿ, ಕಾಯಿಸಿ ಗಟ್ಟಿಗೊಳಿಸುವ ಶಾಖ ಸಂಸ್ಕಾರಕ್ಕೆ ಕಳುಹಿಸಿ, ಕೊನೆಯಲ್ಲಿ ಉಜ್ಜುವ ಕಲ್ಲಿನ ಚಕ್ರದಿಂದ, ಅಂದರೆ ವೀಲಿನಿಂದ, ಗ್ರೈಂಡಿಂಗ್ ಮಾಡುತ್ತೇವೆ. 40 ಮಿಲಿಮೀಟರ್ ವ್ಯಾಸದ ಶಾಫ್ಟಿನ ನಕ್ಷೆಯಲ್ಲಿ ಎಚ್6 ಎಂದು ಬರೆದಿದ್ದರೆ ಅದು ಹೇಳಿದ ಅಳತೆಗಿಂತ ಹೆಚ್ಚೆಂದರೆ 16 ಮೈಕ್ರಾನ್ ಕಡಿಮೆಯಿರಬಹುದು, ಹೆಚ್ಚು ಒಂದು ಮೈಕ್ರಾನ್ ಕೂಡ ಇರುವಂತಿಲ್ಲ. ತಲೆಗೂದಲಿನ ದಪ್ಪದ ಕಾಲು ಭಾಗಕ್ಕಿಂತಲೂ ಕಡಿಮೆಯಾದ ಈ ಅಂತರದೊಳಗೆ ಕೆಲಸ ಮಾಡಬಲ್ಲ ಹಿರಿಯ ಗ್ರೈಂಡರುಗಳು ನಮ್ಮಲ್ಲಿ ಇಬ್ಬರಿದ್ದರು. ಅವರಲ್ಲಿ ಒಬ್ಬರನ್ನು ಇಡೀ ಕಾರ್ಖಾನೆ 'ಮೈಕ್ರಾನ್ ಮಾವ' ಎಂದೇ ಕರೆಯುತ್ತಿತ್ತು. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಕೈ ಪಳಗಿಸಿಕೊಂಡು ಆಮೇಲೆ ಪೀಣ್ಯದ ಸಣ್ಣಪುಟ್ಟ ಘಟಕಗಳಿಗೆ ಹಂಚಿಹೋದ ಒಂದು ತಲೆಮಾರಿತ್ತಲ್ಲ, ಅದಕ್ಕೆ ಸೇರಿದವರು ಅವರು. ಇಬ್ಬರೂ ಒಂದೂವರೆ ವರ್ಷದೊಳಗೆ ನಿವೃತ್ತರಾಗಲಿದ್ದರು. ಅವರಿಲ್ಲದ ಎರಡನೆಯ ಪಾಳಿಯಲ್ಲಿ ಶಾಫ್ಟುಗಳು ಆಗಲೇ ಹೆಚ್ಚು ಹೆಚ್ಚಾಗಿ ತಿರಸ್ಕೃತವಾಗುತ್ತಿದ್ದುದರಿಂದ ಆಡಳಿತಕ್ಕೆ ಗಾಬರಿಯಾಯಿತು. ಹಿರಿಯರ ತಿಳಿವಳಿಕೆಯನ್ನು ಅವರು ಹೋಗುವ ಮೊದಲೇ 'ಸಂಗ್ರಹಿಸಬೇಕು' ಎಂಬ ಸುತ್ತೋಲೆ ಹೊರಟಿತು. ಸಂಗ್ರಹಿಸುವ ಹೊಣೆ ನನ್ನ ಹೆಗಲಿಗೆ ಬಂತು.

ನಾನು ಮಾಡಿದ ಮೊದಲ ಕೆಲಸ ಒಂದು ಪ್ರಶ್ನಾವಳಿ. ನಲವತ್ತೆರಡು ಪ್ರಶ್ನೆಗಳಿದ್ದ ಆ ನಮೂನೆಯನ್ನು ಹಿಡಿದುಕೊಂಡು ಮಾವನವರನ್ನು ಸಭಾಕೊಠಡಿಗೆ ಕರೆಸಿ, ಹವಾನಿಯಂತ್ರಣ ಹಾಕಿ, ಬಿಸ್ಕತ್ತು ಇಟ್ಟು ಕೂರಿಸಿದೆ. ಅವರು ಎಣ್ಣೆ ಹತ್ತಿದ ಸಮವಸ್ತ್ರ ಕುರ್ಚಿಗೆ ತಾಗದಂತೆ ತುದಿಯಲ್ಲಿ ಕುಳಿತು, ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರವನ್ನೇ ಕೊಟ್ಟರು. ವೀಲ್ ಯಾವಾಗ ಡ್ರೆಸ್ ಮಾಡುತ್ತೀರಿ, ಅಂದರೆ ಅದರ ಮೊಂಡಾದ ಮೈಯನ್ನು ಯಾವಾಗ ಕೆರೆದು ಹರಿತ ಮಾಡುತ್ತೀರಿ? "ಬೇಕಾದಾಗ." ಬೇಕು ಎಂದು ಹೇಗೆ ಗೊತ್ತಾಗುತ್ತದೆ? "ಶಬ್ದ ಬದಲಾಗುತ್ತೆ ಮೇಡಂ." ಯಾವ ರೀತಿ ಬದಲಾಗುತ್ತದೆ? ಅವರು ಬಿಸ್ಕತ್ತನ್ನು ಒಮ್ಮೆ ನೋಡಿ, "ಕಿವಿಗೆ ಗೊತ್ತಾಗುತ್ತಲ್ವಾ" ಎಂದರು. ಕಾಲು ಗಂಟೆಯಲ್ಲಿ ನನ್ನ ನಲವತ್ತೆರಡು ಪ್ರಶ್ನೆಗಳೂ ಮುಗಿದಿದ್ದವು. ನನ್ನ ಅಜ್ಜಿಯನ್ನು ಸಾರಿಗೆ ಉಪ್ಪು ಎಷ್ಟು ಎಂದು ಕೇಳಿದಾಗ ಸಿಗುತ್ತಿದ್ದ ಉತ್ತರಕ್ಕೂ ಇದಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ಆದರೆ ಅಜ್ಜಿಯ ಪಕ್ಕದಲ್ಲಿ ನಾನು ಹತ್ತು ವರ್ಷ ಕುಳಿತಿದ್ದೆ, ಇವರ ಪಕ್ಕದಲ್ಲಿ ಒಂದು ದಿನವೂ ಕುಳಿತಿರಲಿಲ್ಲ.

ಎರಡನೆಯ ಹಂತದಲ್ಲಿ ಕಂಪ್ಯೂಟರ್ ಬಂತು. ಗೊತ್ತಿರುವ ವಿಷಯವನ್ನು ಯಾರು ಬೇಕಾದರೂ ಬರೆದು ಸೇರಿಸಬಹುದಾದ ಒಂದು ವ್ಯವಸ್ಥೆಯನ್ನು ಹೊರಗಿನ ಸಲಹೆಗಾರರು ಸಿದ್ಧಪಡಿಸಿಕೊಟ್ಟರು. ಒಂದು ಬರಹಕ್ಕೆ ಹತ್ತು ಅಂಕ, ನೂರು ಅಂಕಕ್ಕೆ ಒಂದು ಸ್ಟೀಲ್ ಬಾಟಲಿ. ಮೂರು ವಾರದಲ್ಲಿ ಬಾಟಲಿಗಳು ಖಾಲಿಯಾದವು. ಬಂದ ಬರಹಗಳನ್ನು ತೆರೆದು ನೋಡಿದರೆ ಹೆಚ್ಚಿನವು ಯಂತ್ರದ ಕೈಪಿಡಿಯ ಪುಟಗಳ ಫೋಟೋಗಳು. ಒಬ್ಬರಂತೂ ಒಂದೇ ಯಂತ್ರವನ್ನು ಸುತ್ತಲಿನಿಂದ ತೆಗೆದ ಚಿತ್ರಗಳಿಂದಲೇ ಬಾಟಲಿ ಗೆದ್ದಿದ್ದರು. ಅಂಕಕ್ಕಾಗಿ ಬರೆಯುವವರು ಅಂಕ ಬರುವಷ್ಟನ್ನೇ ಬರೆಯುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಹಾಗೆ ಬರೆಯಲು ಹೇಳಿದವರು ನಾವೇ.

ಇನ್ನು 'ಫನ್ ಫ್ರೈಡೇ' ವಿಚಾರ. ಉದ್ಯೋಗಿಗಳು ಖುಷಿಯಾಗಿದ್ದರೆ ಪರಸ್ಪರ ಹೇಳಿಕೊಡುತ್ತಾರೆ ಎಂಬ ಮಾತನ್ನು ಎಲ್ಲಿಯೋ ಕೇಳಿಕೊಂಡು ಬಂದ ಮಾನವ ಸಂಪನ್ಮೂಲ ವಿಭಾಗದವರು ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಕ್ಯಾಂಟೀನಿನಲ್ಲಿ ಬಲೂನು ಕಟ್ಟಿ ಮ್ಯೂಸಿಕಲ್ ಚೇರ್ ಆಡಿಸಿದರು. ಬೆಳಿಗ್ಗೆ ಆರಕ್ಕೆ ಬಂದ ಪಾಳಿಯವರು ಎಂಟು ಗಂಟೆ ನಿಂತು ದುಡಿದು, ಮನೆಗೆ ಹೋಗುವ ಬಸ್ಸನ್ನು ಬಿಟ್ಟು, ಕುರ್ಚಿಯ ಸುತ್ತ ಓಡಿದರು. ಹಾಜರಾತಿ ಪುಸ್ತಕವೂ ಇತ್ತು. ನಗು ಬಾರದಿದ್ದವರ ಹೆಸರನ್ನು ಅದರಲ್ಲಿ ಬರೆದುಕೊಳ್ಳಲಿಲ್ಲ ಎಂಬುದಷ್ಟೇ ಸಮಾಧಾನ. ನಾಲ್ಕನೆಯ ಶುಕ್ರವಾರದ ಹೊತ್ತಿಗೆ ಆಡಲು ಉಳಿದವರು ಕಚೇರಿಯ ಸಿಬ್ಬಂದಿ ಮಾತ್ರ.

ಅಷ್ಟರಲ್ಲಿ ನನಗೂ ಬೇಸರ ಬಂದಿತ್ತು. ವರದಿಯಲ್ಲಿ ಬರೆಯಲು ಏನಾದರೂ ಸಿಗಲಿ ಎಂದು ಗ್ರೈಂಡಿಂಗ್ ವಿಭಾಗದ ಮೂಲೆಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂರಲು ಆರಂಭಿಸಿದೆ. ಮೊದಲ ಕೆಲವು ದಿನ ನಾನು ಸಮೀಪಿಸುತ್ತಿದ್ದಂತೆ ಮಾತು ನಿಲ್ಲುತ್ತಿತ್ತು. ಎರಡನೆಯ ವಾರದಲ್ಲಿ ನನ್ನ ಇರವನ್ನು ಮರೆತರೋ ಏನೋ, ಹತ್ತು ಗಂಟೆಯ ಚಹಾ ವಿರಾಮದಲ್ಲಿ ನನ್ನ ಕಣ್ಣೆದುರಿಗೇ ಒಂದು ಪಂದ್ಯ ನಡೆಯಿತು. ಆಗಷ್ಟೇ ಯಂತ್ರದಿಂದ ಇಳಿಸಿದ ಶಾಫ್ಟನ್ನು ಗ್ರಾನೈಟಿನ ಸರ್ಫೇಸ್ ಪ್ಲೇಟಿನ ಮೇಲೆ ಇಟ್ಟು, ಚಹಾ ಮುಗಿಯುವ ಹೊತ್ತಿಗೆ ಮೈಕ್ರೋಮೀಟರ್ ಎಂಬ ಅಳೆಯುವ ಸಾಧನದಲ್ಲಿ ಅದರ ಅಳತೆ ಎಷ್ಟು ತೋರಿಸುತ್ತದೆ ಎಂದು ಪ್ರತಿಯೊಬ್ಬರೂ ಹೇಳಬೇಕು. ಎಲ್ಲರ ಸಂಖ್ಯೆಯನ್ನೂ ಸೀಮೆಸುಣ್ಣದಿಂದ ಯಂತ್ರದ ಬಾಗಿಲ ಮೇಲೆ ಬರೆಯುತ್ತಾರೆ. ಅತಿ ದೂರದ ಸಂಖ್ಯೆ ಹೇಳಿದವನು ಮರುದಿನ ಗೇಟಿನ ಹೊರಗಿನ ಗಾಡಿಯಿಂದ ಎಲ್ಲರಿಗೂ ಮಸಾಲೆ ವಡೆ ತರಬೇಕು. ಈ ಆಟಕ್ಕೆ 'ನಂಬರ್' ಎಂದು ಹೆಸರು. ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ನಡೆಯುತ್ತಿತ್ತಂತೆ.

ಅಂದು ವಡೆಯ ಸಾಲ ಬಿದ್ದದ್ದು ರಾಯಚೂರಿನ ಕಡೆಯಿಂದ ಬಂದಿದ್ದ ತರಬೇತಿ ಹುಡುಗನ ಮೇಲೆ. ಶಾಫ್ಟನ್ನು ಇಳಿಸುವಾಗ ತಾನೇ ಅಳೆದಿದ್ದ ಸಂಖ್ಯೆಯನ್ನು ಅವನು ಧೈರ್ಯವಾಗಿ ಹಾಗೆಯೇ ಹೇಳಿದ್ದ. ಹತ್ತು ನಿಮಿಷದ ನಂತರ ಅಳತೆ ಮೂರು ಮೈಕ್ರಾನ್ ಕಡಿಮೆ ಬಂತು. "ಹೆಂಗ್ರಿ ಸರ ಇದು? ನಾ ಈಗ ನೋಡೀನಿ, ಇಷ್ಟ ಇತ್ತಲ್ರಿ!" ಎಂದು ಅವನು ಜಗಳಕ್ಕೇ ನಿಂತ. ಮಾವ ಅವನ ಬಲಗೈಯನ್ನು ಹಿಡಿದು, ಅಂಗೈಯಲ್ಲ, ಕೈಯ ಹಿಂಬದಿಯನ್ನು, ಹೊಸದಾಗಿ ಇಳಿಸಿದ ಇನ್ನೊಂದು ಶಾಫ್ಟಿಗೆ ತಾಗಿಸಿದರು. ಆಮೇಲೆ ತಣ್ಣಗಾಗಿದ್ದ ಹಳೆಯ ಶಾಫ್ಟಿಗೆ ತಾಗಿಸಿದರು. ಹುಡುಗ ಸುಮ್ಮನಾದ. ಉಕ್ಕು ಬಿಸಿಗೆ ಹಿಗ್ಗುತ್ತದೆ ಎಂಬ ಪಾಠವನ್ನು ಅವನು ಶಾಲೆಯಲ್ಲಿ ಓದಿರಲಿಲ್ಲವೆಂದಲ್ಲ. 40 ಮಿಲಿಮೀಟರ್ ಶಾಫ್ಟು 10 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಸುಮಾರು ನಾಲ್ಕೂವರೆ ಮೈಕ್ರಾನ್ ಹಿಗ್ಗಿರುತ್ತದೆ ಎಂದು ನಾನೂ ತರಬೇತಿಯಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದ್ದೆ. ಉದ್ದ, ವ್ಯಾಸದಂಥ ಅಳತೆಗಳಿಗೆಲ್ಲ ಪ್ರಮಾಣವಾದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಎಂದೂ ಹೇಳಿದ್ದೆ. ಅವನು ಅದನ್ನೆಲ್ಲ ಬರೆದುಕೊಂಡಿದ್ದ. ಆದರೆ ತನ್ನ ಕೈಯಲ್ಲಿರುವ ಈ ಶಾಫ್ಟೇ ಬಿಸಿಯಾಗಿದೆ, ಈಗ ಸರಿಯಾಗಿ ಕಂಡದ್ದು ಆಮೇಲೆ ಕುಗ್ಗಿ ತಿರಸ್ಕೃತವಾಗುತ್ತದೆ ಎಂಬುದು ಅವನಿಗೆ ತಿಳಿದದ್ದು ಮಸಾಲೆ ವಡೆಯ ದುಡ್ಡು ಕೈಬಿಡುವಾಗ.

ಆ ಹುಡುಗ ತರಗತಿಯಲ್ಲಿ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಿದವನಲ್ಲ. ಅನುಮಾನ ಇದೆಯೇ ಎಂದರೆ ತಲೆ ಅಲ್ಲಾಡಿಸುತ್ತಿದ್ದ. ಇಲ್ಲಿ ಸೋತ ಮರುಕ್ಷಣವೇ, ಮೂವತ್ತು ವರ್ಷ ಹಿರಿಯರಾದವರ ಎದುರು ನಿಂತು, ಹೇಗೆ ಎಂದು ಕೇಳಿದ. ಪಂದ್ಯದಲ್ಲಿ ಸೋತವನಿಗೆ ಕೇಳುವ ಹಕ್ಕು ತಾನಾಗಿಯೇ ಬರುತ್ತಿತ್ತು. ದುಡ್ಡು ಕೊಟ್ಟವನು ಲೆಕ್ಕ ಕೇಳಿದರೆ ಯಾರೂ ಅವನನ್ನು ದಡ್ಡ ಎನ್ನುವುದಿಲ್ಲ. ನಾವೆಲ್ಲ ಅಲ್ಲಿಯವರೆಗೆ ಹಿರಿಯರು ಹೇಳುವುದಿಲ್ಲ, ಹೇಳುವಂತೆ ಮಾಡುವುದು ಹೇಗೆ ಎಂದೇ ತಲೆ ಕೆಡಿಸಿಕೊಂಡಿದ್ದೆವು. ಬಾಟಲಿ, ಅಂಕ, ಪ್ರಶ್ನಾವಳಿ ಎಲ್ಲವೂ ಹೇಳುವವರ ಬಾಯಿ ಬಿಡಿಸುವ ಉಪಾಯಗಳಾಗಿದ್ದವು. ಹೇಳುವವರು ಸಿದ್ಧರಾಗಿಯೇ ಇದ್ದರು. ಗಂಟು ಇದ್ದದ್ದು ಕೇಳುವವರ ಗಂಟಲಿನಲ್ಲಿ. 'ನನಗೆ ಇದು ಗೊತ್ತಿಲ್ಲ' ಎಂದು ಸಹೋದ್ಯೋಗಿಯ ಎದುರು ಒಪ್ಪಿಕೊಳ್ಳುವುದಕ್ಕೆ ತಗಲುವ ವೆಚ್ಚವನ್ನು ಆ ಮಸಾಲೆ ವಡೆ ಇಳಿಸುತ್ತಿತ್ತು.

ಇದು ನನಗೆ ಪೂರ್ತಿಯಾಗಿ ಮನವರಿಕೆಯಾದದ್ದು ಆ ವರ್ಷದ ಅಕ್ಟೋಬರಿನಲ್ಲಿ, ಆಯುಧ ಪೂಜೆಯ ದಿನ. ಕರ್ನಾಟಕದ ಯಾವ ಕಾರ್ಖಾನೆಯಲ್ಲಿ ದುಡಿದವರಿಗೂ ಆ ದಿನದ ಸಡಗರವನ್ನು ವಿವರಿಸಬೇಕಿಲ್ಲ. ಯಂತ್ರಗಳನ್ನು ನಿಲ್ಲಿಸಿ, ಒಂದೊಂದರ ಮೂಲೆಮೂಲೆಯನ್ನೂ ಒರೆಸಿ, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಕಡಲೆಪುರಿ ಹಂಚುವ ಆ ದಿನ ನಮ್ಮಲ್ಲಿ ಇನ್ನೊಂದು ವಿಶೇಷವೂ ಇತ್ತು. ಮೂರೂ ಪಾಳಿಯವರು ಒಂದೇ ಹೊತ್ತಿಗೆ ಕಾರ್ಖಾನೆಯೊಳಗೆ ಸೇರುವುದು ವರ್ಷದಲ್ಲಿ ಆ ಒಂದೇ ದಿನ. ಒಂದೇ ಯಂತ್ರದ ಮೇಲೆ ಐದು ವರ್ಷ ದುಡಿದ ಇಬ್ಬರು, ಪಾಳಿ ಬದಲಾಗುವಾಗ ಎರಡು ನಿಮಿಷ ಮುಖ ನೋಡಿದ್ದನ್ನು ಬಿಟ್ಟರೆ, ಒಟ್ಟಿಗೆ ಅದನ್ನು ಒರೆಸುತ್ತಿದ್ದುದು ಆವತ್ತು ಮಾತ್ರ. ಪೂಜೆಯ ನಂತರ ಹುಡುಗರು ಒಂದಷ್ಟು ಅಣಕು ಪ್ರದರ್ಶನ ಮಾಡುವುದೂ ವಾಡಿಕೆ. ಆ ಸಲ ರಾಯಚೂರಿನ ಹುಡುಗ ಮಾವನವರನ್ನು ಅಣಕಿಸಲು ಎದ್ದು ನಿಂತ.

ಅವನು ಮೊದಲು ಮಾವನ ಹಾಗೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ. ಎಡಗೈಯಲ್ಲಿ ಇಲ್ಲದ ಶಾಫ್ಟನ್ನು ಎತ್ತಿಕೊಂಡ. ಜೇಬಿನಿಂದ ಬನಿಯನ್ ವೇಸ್ಟಿನ ಚೂರು ತೆಗೆದು ಬಲಗೈಯ ಕಿರುಬೆರಳಿಗೆ ಸುತ್ತಿ, ಶಾಫ್ಟಿನ ತುದಿಯಲ್ಲಿರುವ ಸೆಂಟರ್ ತೂತಿನೊಳಗೆ ಬೆರಳನ್ನು ಅರ್ಧ ಸುತ್ತು ತಿರುಗಿಸಿ, ಹೊರಗೆ ತೆಗೆದು, ಬಟ್ಟೆಯನ್ನು ಕನ್ನಡಕದ ಮೇಲಿನಿಂದ ನೋಡಿ, ಮುಖ ಸಿಂಡರಿಸಿ, ಶಾಫ್ಟನ್ನು ತಿರುಗಿಸಿ ಇನ್ನೊಂದು ತುದಿಗೂ ಹಾಗೆಯೇ ಮಾಡಿದ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದೆ ಕುಳಿತಿದ್ದವರು ಇಬ್ಬರೇ. ಒಬ್ಬರು ಮಾವ. "ನಾನು ಹಂಗ್ ಮಾಡ್ತೀನಾ?" ಎಂದು ಪಕ್ಕದವರನ್ನು ಕೇಳುತ್ತಿದ್ದರು. ಇನ್ನೊಬ್ಬರು ಎರಡನೆಯ ಪಾಳಿಯ ಗ್ರೈಂಡರು. ಅವರು ಎದ್ದು ನಿಂತು, "ನಾವು ಗಾಳಿ ಹೊಡೆದು ಬಿಡ್ತೀವಲ್ಲ" ಎಂದರು, ಯಾರಿಗೆ ಎಂದಿಲ್ಲದೆ.

ಶಾಫ್ಟು ಗ್ರೈಂಡಿಂಗ್ ಯಂತ್ರದಲ್ಲಿ ನಿಲ್ಲುವುದೇ ಆ ಎರಡು ತೂತುಗಳ ಆಧಾರದ ಮೇಲೆ. ಅಲ್ಲಿ ಒಂದು ಕಣ ಕೊಳೆ ಕುಳಿತರೂ ಶಾಫ್ಟಿನ ಅಕ್ಷ ಓಲಾಡಿ, ಮೇಲ್ಮೈ ಎಷ್ಟೇ ನುಣುಪಾಗಿ ಬಂದರೂ ದುಂಡಗೆ ಬರುವುದಿಲ್ಲ. ಶಾಖ ಸಂಸ್ಕಾರ ಮುಗಿಸಿ ಬಂದ ತೂತಿನಲ್ಲಿ ಒಣಗಿದ ಎಣ್ಣೆಯ ಜಿಡ್ಡು ಅಂಟಿಕೊಂಡಿರುತ್ತದೆ, ಅದು ಗಾಳಿ ಊದಿದರೆ ಹೋಗುವುದಿಲ್ಲ, ಬೆರಳಿಟ್ಟು ಒರೆಸಬೇಕು. ನನ್ನ ನಲವತ್ತೆರಡು ಪ್ರಶ್ನೆಗಳಲ್ಲಿ 'ಶಾಫ್ಟನ್ನು ಯಂತ್ರಕ್ಕೆ ಏರಿಸುವ ಹಂತಗಳನ್ನು ತಿಳಿಸಿ' ಎಂಬುದೂ ಒಂದಾಗಿತ್ತು. ಮಾವ ಒಂಬತ್ತು ಹಂತಗಳನ್ನು ಹೇಳಿದ್ದರು. ಕಿರುಬೆರಳು ಅದರಲ್ಲಿ ಇರಲಿಲ್ಲ. ಅವರು ಮುಚ್ಚಿಟ್ಟಿರಲಿಲ್ಲ, ತಾವು ಅದನ್ನು ಮಾಡುತ್ತೇವೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ವರ್ಷವಿಡೀ ಅವರ ಪಕ್ಕದಲ್ಲಿ ನಿಂತು, ಒಂದಲ್ಲ ಒಂದು ದಿನ ಅಣಕಿಸಬೇಕು ಎಂಬ ತುಂಟತನದಿಂದ ಅವರ ಕೈಚಲನೆಗಳನ್ನೆಲ್ಲ ಕಣ್ಣಿನಲ್ಲಿ ತುಂಬಿಕೊಂಡ ಹುಡುಗನಿಗೆ ಮಾತ್ರ ಅದು ಗೊತ್ತಿತ್ತು. ಅಣಕಿಸುವವನಷ್ಟು ಗಮನವಿಟ್ಟು ನೋಡುವ ವಿದ್ಯಾರ್ಥಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮುಂದಿನ ವಾರದಿಂದ ಎರಡನೆಯ ಪಾಳಿಯವರೂ ಕಿರುಬೆರಳಿಗೆ ಬಟ್ಟೆ ಸುತ್ತತೊಡಗಿದರು. ದುಂಡಗಿಲ್ಲವೆಂದು ವಾಪಸಾಗುತ್ತಿದ್ದ ಶಾಫ್ಟುಗಳ ರಾಶಿ ನನ್ನ ಮೇಜಿನ ಪಕ್ಕದಲ್ಲಿ ಕರಗುತ್ತ ಬಂತು.

ಅಮೆರಿಕದ ಜೆರಾಕ್ಸ್ ಕಂಪನಿಯ ಫೋಟೋಕಾಪಿ ಯಂತ್ರ ರಿಪೇರಿ ಮಾಡುವವರ ಜೊತೆ 1980ರ ದಶಕದಲ್ಲಿ ತಿರುಗಾಡಿದ ಮಾನವಶಾಸ್ತ್ರಜ್ಞ ಜೂಲಿಯನ್ ಆರ್ ಕಂಡದ್ದೂ ಹೆಚ್ಚುಕಡಿಮೆ ಇದನ್ನೇ ಎಂದು ನಾನು ಆಮೇಲೆ ಓದಿ ತಿಳಿದುಕೊಂಡೆ. ಹಂತ ಹಂತವಾಗಿ ಬರೆದ ಕೈಪಿಡಿ ಅವರ ಕೈಯಲ್ಲಿತ್ತು, ಆದರೆ ಕೈಪಿಡಿಗೆ ಸಿಕ್ಕದ ದೋಷಗಳನ್ನು ಅವರು ಬಗೆಹರಿಸಿಕೊಳ್ಳುತ್ತಿದ್ದುದು ಊಟದ ಮೇಜಿನಲ್ಲಿ, ಕಾಫಿಯ ಹೊತ್ತಿನಲ್ಲಿ, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಪರಾಕ್ರಮದ ಕಥೆಗಳಿಂದ. ಆ ಕಂಪನಿ ಮುಂದೆ ಇಂಥ ಸಲಹೆಗಳನ್ನು ಕಂಪ್ಯೂಟರಿನಲ್ಲಿ ಸೇರಿಸುವ ವ್ಯವಸ್ಥೆ ಮಾಡಿದಾಗಲೂ, ಸಲಹೆಯನ್ನು ಸಹೋದ್ಯೋಗಿಗಳೇ ಪರಿಶೀಲಿಸಿ, ಕೊಟ್ಟವರ ಹೆಸರನ್ನು ಅದರ ಜೊತೆಗೇ ತೋರಿಸುತ್ತಿದ್ದರು. ನಾವು ಸ್ಟೀಲ್ ಬಾಟಲಿ ಕೊಟ್ಟಿದ್ದೆವು.

ಆದರೆ ಚಹಾದ ಗುಂಪನ್ನು ಹೊಗಳುವಾಗ ಅದರ ಬೇಲಿಯನ್ನೂ ಹೇಳಬೇಕು. ನಮ್ಮ ತಪಾಸಣೆ ವಿಭಾಗದಲ್ಲಿ ಆರು ಮಂದಿ ಹೆಣ್ಣುಮಕ್ಕಳಿದ್ದರು. ದಿನವೊಂದಕ್ಕೆ ನೂರಾರು ಶಾಫ್ಟುಗಳು ಅವರ ಕೈ ಹಾದು ಹೋಗುತ್ತಿದ್ದವು. ಯಾವ ಯಂತ್ರದ ವೀಲ್ ಮೊಂಡಾಗಿದೆ, ಯಾರು ಕೊನೆಯಲ್ಲಿ ಕಿಡಿ ನಿಲ್ಲುವವರೆಗೆ ಕಾಯದೆ ಅವಸರದಲ್ಲಿ ಶಾಫ್ಟು ಇಳಿಸುತ್ತಾರೆ ಎಂಬುದನ್ನು ಅವರು ಮೇಲ್ಮೈ ನೋಡಿಯೇ ಹೇಳಬಲ್ಲವರಾಗಿದ್ದರು. ಅವರಿಗೆ ಗೇಟಿನ ಹೊರಗಿನ ಚಹಾ ಗಾಡಿಯೂ ಇರಲಿಲ್ಲ, 'ನಂಬರ್' ಆಟವೂ ಇರಲಿಲ್ಲ. ಅವರ ನಗು ಅವರ ಬುತ್ತಿ ಡಬ್ಬಿಗಳ ಸುತ್ತಲೇ ಸುತ್ತಿ ಅಲ್ಲಿಯೇ ಮುಗಿಯುತ್ತಿತ್ತು, ಅದರ ಜೊತೆಗೆ ಅವರಿಗೆ ಗೊತ್ತಿದ್ದದ್ದೂ ಅಲ್ಲಿಯೇ ಉಳಿಯುತ್ತಿತ್ತು. ನಾನು ಹೆಣ್ಣಾಗಿಯೂ ಇದನ್ನು ಗಮನಿಸಲು ತಿಂಗಳುಗಳು ಬೇಕಾದವು. ಒಂದು ದಿನ ನಾನೇ ಅವರಲ್ಲಿ ಇಬ್ಬರನ್ನು ಆಟಕ್ಕೆ ಕರೆದುಕೊಂಡು ಹೋದೆ. ಅವರಲ್ಲಿ ಹಿರಿಯವರಾದ ಅಕ್ಕ ಶಾಫ್ಟನ್ನು ಬೆಳಕಿಗೆ ಹಿಡಿದು, ಮುಟ್ಟಿ ನೋಡಿ, ಮಾವನಿಗಿಂತ ಒಂದು ಮೈಕ್ರಾನ್ ಹತ್ತಿರದ ಸಂಖ್ಯೆ ಹೇಳಿ ಗೆದ್ದರು. "ನೀವ್ ಕೆಟ್ಟದಾಗ್ ಮಾಡಿದ್ದನ್ನ ದಿನಾ ನೋಡೋರು ನಾವಲ್ವಾ ಸಾರ್" ಎಂದರು. ಮಾವ ಮರುದಿನ ವಡೆಯನ್ನೂ ತಂದರು, ಅಕ್ಕನಿಂದ ತಮ್ಮ ವೀಲಿನ ಬಗ್ಗೆ ಎರಡು ಮಾತನ್ನೂ ಕೇಳಿಸಿಕೊಂಡರು. ತಮಾಷೆಯ ಇನ್ನೊಂದು ಮುಖವನ್ನೂ ನೋಡಿದ್ದೇನೆ. ಒಡಿಶಾದಿಂದ ಬಂದ ಹುಡುಗನೊಬ್ಬನ ತೊದಲು ಮಾತನ್ನು ಕೆಲವರು ಅಣಕಿಸುತ್ತಿದ್ದರು. ಅವನು ಬಾಯಿ ಮುಚ್ಚಿಕೊಂಡ, ಯಂತ್ರ ಕೆಟ್ಟ ಶಬ್ದ ಮಾಡಿದಾಗಲೂ ಹೇಳಲಿಲ್ಲ. ಕೆಲಸವನ್ನು ಅಣಕಿಸುವುದಕ್ಕೂ ಮನುಷ್ಯನನ್ನು ಅಣಕಿಸುವುದಕ್ಕೂ ನಡುವೆ ಇರುವ ಗೆರೆಯನ್ನು ಮಾವನವರೇ ಗದರಿ ಹಾಕಿಕೊಟ್ಟರು. ನಾನು ಹೇಳಿದ್ದರೆ ಅದು ಇನ್ನೊಂದು ಸುತ್ತೋಲೆಯಾಗುತ್ತಿತ್ತು.

ಇಷ್ಟು ಕಂಡ ಮೇಲೆ ನಾನು ಆಡಳಿತಕ್ಕೆ ಒಂದೇ ಒಂದು ಪ್ರಸ್ತಾಪ ಕೊಟ್ಟೆ. ಶನಿವಾರ ಪಾಳಿ ಬದಲಾಗುವ ಹೊತ್ತಿನಲ್ಲಿ ಹದಿನೈದು ನಿಮಿಷ, ಕಂಪನಿಯ ಸಮಯದಲ್ಲಿ, ಎರಡೂ ಪಾಳಿಯವರು ನಿಂತುಕೊಂಡೇ ಸೇರುವುದು. ಒಬ್ಬರು ತಾವು ಕೆಡಿಸಿದ ಒಂದು ಕೆಲಸದ ಕಥೆ ಹೇಳುವುದು. ಹೆಸರು ಬರೆದುಕೊಳ್ಳುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಬಹುಮಾನ ಇಲ್ಲ. ಹುಡುಗರು ಇದಕ್ಕೆ 'ಸ್ಕ್ರ್ಯಾಪ್ ಕಥೆ' ಎಂದು ಹೆಸರಿಟ್ಟರು. ಮೊದಲ ಕಥೆಯನ್ನು ಕಾರ್ಖಾನೆಯ ಮುಖ್ಯಸ್ಥರೇ ಹೇಳಬೇಕು ಎಂದು ನಾನು ಹಟ ಹಿಡಿದೆ. ಅವರು ಸ್ವಲ್ಪ ಹಿಂಜರಿದು, ತಮ್ಮ ಮೊದಲ ಕೆಲಸದಲ್ಲಿ ಸಿಎನ್‌ಸಿ ಯಂತ್ರದ ಆಫ್‌ಸೆಟ್‌ನಲ್ಲಿ, ಅಂದರೆ ಟೂಲಿನ ಸ್ಥಾನ ತಿದ್ದುವ ಅಂಕಿಯಲ್ಲಿ, 0.5 ಎಂದು ಒತ್ತುವ ಬದಲು ಚುಕ್ಕೆ ಮರೆತು 5 ಎಂದು ಒತ್ತಿ, ಟೂಲನ್ನು ಶಾಫ್ಟು ಹಿಡಿದು ತಿರುಗುತ್ತಿದ್ದ 'ಚಕ್' ಎಂಬ ಹಿಡಿಕೆಗೆ ನುಗ್ಗಿಸಿ, ಆ ಶಬ್ದಕ್ಕೆ ತಾವೇ ಹೊರಗೆ ಓಡಿಹೋದದ್ದನ್ನು ಹೇಳಿದರು. ಎಲ್ಲಿಯವರೆಗೆ ಓಡಿದಿರಿ ಸಾರ್ ಎಂದು ಹಿಂದಿನಿಂದ ಯಾರೋ ಕೇಳಿದರು. "ಬಸ್ ಸ್ಟಾಂಡ್ ತನಕ" ಎಂದರು. ಅಂದಿನಿಂದ ಆಫ್‌ಸೆಟ್ ಬದಲಿಸುವಾಗಲೆಲ್ಲ ಪಕ್ಕದವರು "ಬಸ್ ಸ್ಟಾಂಡ್!" ಎಂದು ಕೂಗುವುದು ರೂಢಿಯಾಯಿತು, ಕೂಗಿದಾಗ ಒತ್ತುವವನು ಚುಕ್ಕೆಯನ್ನು ಇನ್ನೊಮ್ಮೆ ನೋಡುತ್ತಿದ್ದ. ಗೋಡೆಗೆ ಅಂಟಿಸಿದ ಎಚ್ಚರಿಕೆಯ ಫಲಕ ಅಷ್ಟು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ.

ಏಳನೆಯದೋ ಎಂಟನೆಯದೋ ಶನಿವಾರ ಒಬ್ಬ ಆಪರೇಟರ್, ತಾನು ಹಿಂದಿನ ತಿಂಗಳು ಹಳೆಯ ನಕ್ಷೆ ನೋಡಿಕೊಂಡು ಹನ್ನೆರಡು ಶಾಫ್ಟು ಕೆಡಿಸಿದ್ದನ್ನು ನಗುನಗುತ್ತ ಹೇಳಿಕೊಂಡ. ಸೋಮವಾರ ಬೆಳಿಗ್ಗೆ ಅವನ ಕೈಗೆ ಕಾರಣ ಕೇಳುವ ಮೆಮೊ ಬಂತು. ಅಲ್ಲಿ ನಿಂತು ಎಲ್ಲರ ಜೊತೆ ನಕ್ಕಿದ್ದ ಮೇಲಧಿಕಾರಿಯೊಬ್ಬರು ನೆನಪಿಟ್ಟುಕೊಂಡು ಬರೆಸಿದ್ದರು. ಮುಂದಿನ ಶನಿವಾರ ಎಲ್ಲರೂ ಬಂದರು, ಹದಿನೈದು ನಿಮಿಷ ನಿಂತರು, ಯಾರೂ ಮಾತನಾಡಲಿಲ್ಲ. ಅದರ ಮುಂದಿನ ಶನಿವಾರವೂ ಅಷ್ಟೇ. ಹತ್ತು ಗಂಟೆಯ 'ನಂಬರ್' ಕೂಡ ನಿಂತುಹೋಯಿತು. ಯಂತ್ರದ ಬಾಗಿಲ ಮೇಲೆ ಹಿಂದಿನ ಪಂದ್ಯದ ಸೀಮೆಸುಣ್ಣದ ಅಂಕಿಗಳು ಹಾಗೆಯೇ ಉಳಿದಿದ್ದವು, ಯಾರೂ ಒರೆಸಿರಲಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡೊನಾಲ್ಡ್ ರಾಯ್ ಕಾರ್ಖಾನೆಯೊಂದರಲ್ಲಿ ತಾವೇ ಯಂತ್ರ ನಡೆಸುವ ಕೆಲಸಕ್ಕೆ ಸೇರಿ 1959ರಲ್ಲಿ ಬರೆದ ಲೇಖನವನ್ನು ನಾನು ಓದಿದ್ದು ಆ ದಿನಗಳಲ್ಲಿ. ದಿನವೂ ಒಬ್ಬ ಕೆಲಸಗಾರ ಇನ್ನೊಬ್ಬನ ಬುತ್ತಿಯ ಬಾಳೆಹಣ್ಣು ಕದ್ದು 'ಬಾಳೆಹಣ್ಣಿನ ಹೊತ್ತು!' ಎಂದು ಕೂಗಿ ತಿನ್ನುವಂಥ ಪುಟ್ಟ ಆಟಗಳಿಂದಲೇ ಆ ಬೇಸರದ ಕೆಲಸ ಸಹ್ಯವಾಗಿತ್ತು. ಒಂದು ತಮಾಷೆ ಒಬ್ಬನ ಮರ್ಯಾದೆಗೆ ತಗುಲಿದ ದಿನ ಮಾತೆಲ್ಲ ನಿಂತು, ಸುಮಾರು ಎರಡು ವಾರ ಆ ಕೋಣೆಯಲ್ಲಿ ಮೌನ ಕವಿದಿತ್ತಂತೆ. ನಮ್ಮಲ್ಲಿ ಅದು ನಾಲ್ಕು ವಾರ ನಡೆಯಿತು.

ಮುಖ್ಯಸ್ಥರ ಹತ್ತಿರ ಹೋಗಿ ಮೆಮೊವನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳಿದೆ. ಅವರು ಪಡೆದರು. ಆದರೂ ಹೋದ ಮಾತು ಹೋದದ್ದೇ. ಕಾಗದ ಹಿಂದಕ್ಕೆ ಬಂದಷ್ಟು ಸುಲಭವಾಗಿ ನಂಬಿಕೆ ಬರಲಿಲ್ಲ. ಐದನೆಯ ಶನಿವಾರ ಮಾವನವರು ಕೈಯಲ್ಲಿ ಹೊಸ ಗ್ರೈಂಡಿಂಗ್ ವೀಲೊಂದನ್ನು ಹಿಡಿದುಕೊಂಡು ಬಂದು ನಿಂತರು. ಬಹಳ ವರ್ಷಗಳ ಹಿಂದೆ ಒಂದು ಸಣ್ಣ ಘಟಕದಲ್ಲಿ ತಾವು ವೀಲನ್ನು ಪರೀಕ್ಷಿಸದೆ ಏರಿಸಿದ್ದಾಗಿಯೂ, ಯಂತ್ರ ವೇಗ ಪಡೆಯುತ್ತಿದ್ದಂತೆ ಅದು ಚೂರಾಗಿ ಸಿಡಿದದ್ದಾಗಿಯೂ, ಕವಚ ಇಲ್ಲದಿದ್ದರೆ ಇಂದು ಇಲ್ಲಿ ವಡೆ ತಿನ್ನಲು ತಾವು ಇರುತ್ತಿರಲಿಲ್ಲವೆಂದೂ ಹೇಳಿದರು. ತಪ್ಪು ಬೇರೆ ಯಾರದ್ದೂ ಅಲ್ಲ, ಊಟಕ್ಕೆ ಹೋಗುವ ಅವಸರ ತಮ್ಮದೇ ಎಂದರು. ಅಂದಿನವರೆಗೆ ಯಾರಿಗೂ ಹೇಳಿರದ ಕಥೆ ಅದು. ಆಮೇಲೆ ವೀಲಿನ ತೂತಿಗೆ ಬೆರಳು ತೂರಿಸಿ ತೂಗುಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರು. ಗಂಟೆಯಂತೆ 'ಟಣ್' ಎಂದಿತು. "ಸಂತೇಲಿ ಮಡಿಕೆ ತಗೊಳ್ಳೋವಾಗ ನಿಮ್ಮವ್ವ ತಟ್ಟಿ ನೋಡ್ತಿರ್ಲಿಲ್ವೇನ್ರೋ? ಬಿರುಕು ಇದ್ರೆ 'ಠಪ್' ಅನ್ನುತ್ತೆ. ಅಷ್ಟೇ ಇದು" ಎಂದು ವೀಲನ್ನು ಕೈಯಿಂದ ಕೈಗೆ ದಾಟಿಸಿದರು. ಮೆಮೊ ಪಡೆದಿದ್ದ ಆಪರೇಟರ್ ತಟ್ಟಿ, ಕಿವಿಗೊಟ್ಟು, "ಒಳಗಡೆ ಯಾರೂ ಇಲ್ಲ ಅಂತಿದೆ ಸಾರ್" ಎಂದ. ನಾಲ್ಕು ವಾರದ ಮೇಲೆ ಮೊದಲ ನಗು ಬಂತು. ಆ ಮೇಲಧಿಕಾರಿಯೂ ತಟ್ಟಲು ಕೈ ಚಾಚಿದರು. ಒಂದು ಕ್ಷಣ ಯೋಚಿಸಿದ ಮೇಲೆ ಹುಡುಗರು ವೀಲನ್ನು ಅವರಿಗೂ ಕೊಟ್ಟರು.

ಮಾವನವರು 2019ರ ಮಾರ್ಚಿನಲ್ಲಿ ನಿವೃತ್ತರಾದರು. ನನ್ನ ಅಂತಿಮ ವರದಿಯಲ್ಲಿ ಅವರ ಹೆಸರಿನ ಕೆಳಗೆ ನಾಲ್ಕು ಪುಟ ಇತ್ತು, ಅದನ್ನು ಯಾರಾದರೂ ತೆರೆದು ಓದಿದ ದಾಖಲೆ ನನ್ನ ಬಳಿ ಇಲ್ಲ. ಕಂಪ್ಯೂಟರ್ ವ್ಯವಸ್ಥೆಯ ಗುತ್ತಿಗೆಯನ್ನು ಕಂಪನಿ ನವೀಕರಿಸಲಿಲ್ಲ. 'ನಂಬರ್' ಮಾತ್ರ ಮತ್ತೆ ಶುರುವಾಗಿತ್ತು. ಅದನ್ನು ಅಧಿಕೃತಗೊಳಿಸಿ ಎಲ್ಲ ವಿಭಾಗಗಳಿಗೂ ವಿಸ್ತರಿಸೋಣ ಎಂಬ ಸೂಚನೆ ಮೇಲಿನಿಂದ ಬಂದಾಗ, ದಯವಿಟ್ಟು ಹಾಗೆ ಮಾಡಬೇಡಿ ಎಂದು ಬರೆದು ಕಳುಹಿಸಿದೆ. ನನ್ನ ಇಡೀ ವರದಿಯಲ್ಲಿ ಉಪಯೋಗಕ್ಕೆ ಬಂದ ಶಿಫಾರಸು ಅದೊಂದೇ ಇರಬೇಕು.

ಆ ವರ್ಷದ ಹೊಸ ತರಬೇತಿ ಹುಡುಗರು ಆಗಸ್ಟಿನಲ್ಲಿ ಬಂದರು. ರಾಯಚೂರಿನ ಹುಡುಗ ಅಷ್ಟು ಹೊತ್ತಿಗೆ ಗ್ರೈಂಡಿಂಗ್ ಯಂತ್ರದ ಜವಾಬ್ದಾರಿ ಹೊತ್ತಿದ್ದ. ಒಂದು ಬೆಳಿಗ್ಗೆ ಅವನು ಹೊಸಬನೊಬ್ಬನನ್ನು ಕರೆದು, ಮಾವನ ಹಾಗೆಯೇ ಕನ್ನಡಕವಿಲ್ಲದ ಕಣ್ಣನ್ನು ಕನ್ನಡಕದ ಮೇಲಿನಿಂದ ನೋಡುವಂತೆ ಏರಿಸಿ, "ತಮ್ಮಾ, ಸ್ಟೋರ್ಸಿಗೆ ಹೋಗಿ ಅರ್ಧ ಕಿಲೋ ಮೈಕ್ರಾನ್ ತಗೊಂಬಾರಪಾ" ಎಂದ. ನಾನು ಕುತೂಹಲದಿಂದ ಆ ಹುಡುಗನ ಹಿಂದೆಯೇ ಹೋದೆ. ಸ್ಟೋರ್ಸಿನವರು ಈ ಸಲ ಖಾಲಿಯಾಗಿದೆ ಎನ್ನಲಿಲ್ಲ. ಮೈಕ್ರೋಮೀಟರಿನ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, "ತಲೆಯಿಂದ ಒಂದ್ ಕೂದಲು ಕೀಳು" ಎಂದರು. ಹುಡುಗ ಅಂಜುತ್ತ ಕಿತ್ತ. ಅದನ್ನು ಎರಡು ತುದಿಗಳ ನಡುವೆ ಇಟ್ಟು, ಕೂದಲು ಜಜ್ಜಿಹೋಗದಂತೆ ರ್‍ಯಾಚೆಟ್ಟನ್ನು ಮೆಲ್ಲಗೆ ತಿರುಗಿಸಬೇಕೆಂದು ತೋರಿಸಿ, ಮೂರು ಸಲ ಅಳೆಸಿದರು. ಮೂರು ಸಲವೂ ಒಂದೇ ಅಂಕಿ ಬಂದ ಮೇಲೆಯೇ ಚೀಟಿಯಲ್ಲಿ ಬರೆದು ಕೊಟ್ಟು ಕಳುಹಿಸಿದರು.

ಹುಡುಗ ಓಡುತ್ತ ಗ್ರೈಂಡಿಂಗ್ ವಿಭಾಗಕ್ಕೆ ಬಂದು, ಕೂದಲನ್ನೂ ಚೀಟಿಯನ್ನೂ ಮುಂದೆ ಚಾಚಿ ಹೇಳಿದ: "ಅಣ್ಣಾ, ಅರ್ಧ ಕಿಲೋ ಇಲ್ವಂತೆ. ಸದ್ಯಕ್ಕೆ ಎಪ್ಪತ್ತು ಕೊಟ್ಟಿದ್ದಾರೆ."